ಮಳೆಗಾಲದ ಮಂಕಿಗೆ ಮೂಗಿನಿಂದ ಶುರು ಮಾಡಿ

ಪ್ರಶ್ನೆ: ನನಗೆ 54 ವರ್ಷ. ಕೊಡಗಿನ ನಾಪೋಕ್ಲು ಕಡೆ ನಮ್ಮ ತೋಟದ ಮನೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ಮನೆಯವರು ತೋಟಕ್ಕೆ ಹೋದರೆ ಉಳಿಯುವುದು ನಾನು ಮತ್ತು 80 ದಾಟಿದ ಅತ್ತೆ. ಜೂನ್ ಬಂತೆಂದರೆ ನನಗೆ ಒಂಥರಾ ಮಂಕು. ಯಾವುದೂ ಚೆನ್ನಾಗಿದೆ ಅಂತಲೂ ಅನ್ನಿಸುವುದಿಲ್ಲ, ಕೆಟ್ಟದಾಗಿದೆ ಅಂತಲೂ ಅನ್ನಿಸುವುದಿಲ್ಲ. ಕೆಲಸವೆಲ್ಲ ನಡೆಯುತ್ತದೆ, ಆದರೆ ಕೈ ಪದೇ ಪದೇ ಫೋನಿಗೆ ಹೋಗುತ್ತದೆ. ನೆಂಟರು ಬಂದು ‘ನೀವು ಸ್ವರ್ಗದಲ್ಲಿದ್ದೀರಿ’ ಅಂದಾಗ ನನ್ನಲ್ಲೇ ಏನೋ ಕೊರತೆ ಇದೆ ಅನ್ನಿಸುತ್ತದೆ. ಪಂಚೇಂದ್ರಿಯಗಳನ್ನು ಬಳಸಿ ಮನಸ್ಸನ್ನು ಹಗುರ ಮಾಡಿಕೊಳ್ಳಬಹುದು ಅಂತ ಓದಿದೆ. ನಿಜವೇ? ಮಗಳು ಸುಗಂಧದ ಎಣ್ಣೆ, ಅದನ್ನು ಕೋಣೆಗೆಲ್ಲ ಹರಡುವ ಡಿಫ್ಯೂಸರ್ ಕಳಿಸುತ್ತೇನೆ ಅನ್ನುತ್ತಾಳೆ. ಅತ್ತೆಗಂತೂ ಊಟವೇ ರುಚಿಸುವುದಿಲ್ಲ. ‘ಉಪ್ಪು ಹಾಕಿಲ್ಲ’ ಅಂತ ದಿನವೂ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ಚೆನ್ನಾಗಿದೆ ಅಂತಲೂ ಅನ್ನಿಸುವುದಿಲ್ಲ, ಕೆಟ್ಟದಾಗಿದೆ ಅಂತಲೂ ಅನ್ನಿಸುವುದಿಲ್ಲ’ ಅಂತ ಬರೆದಿದ್ದೀರಲ್ಲ, ಇದೇ ಮಾತನ್ನು ಮಡಿಕೇರಿಯಲ್ಲಿ ನನ್ನ ಎದುರು ಕೂತು ಎಷ್ಟೋ ಜನ ಹೇಳಿದ್ದಾರೆ. ಹೆಚ್ಚಾಗಿ ಜುಲೈ, ಆಗಸ್ಟ್ ತಿಂಗಳಲ್ಲಿ. ಹೆಚ್ಚಾಗಿ ತೋಟದ ಮನೆಯ ಹೆಂಗಸರು. ಆಪ್ತಸಮಾಲೋಚಕಿಯಾಗಿ ನಾನು ಅವರಿಗೆ ಹೇಳುವುದನ್ನೇ ನಿಮಗೂ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಇವನ್ನು ಸ್ವಲ್ಪ ಗಮನ ಕೊಟ್ಟು ಬಳಸಿದರೆ ದಿನ ಹಗುರವಾಗುತ್ತದೆ ಅನ್ನುವುದು ನಿಜ. ಅದಕ್ಕೆ ಡಿಫ್ಯೂಸರ್ ಬೇಡ. ಐದನ್ನೂ ಒಂದೇ ದಿನ ಹಿಡಿದು ಟೈಮ್‌ಟೇಬಲ್ ಹಾಕುವುದೂ ಬೇಡ, ಒಂದು ವಾರಕ್ಕೆ ಬಿಟ್ಟುಹೋಗುತ್ತದೆ. ಮೂಗಿನಿಂದ ಶುರು ಮಾಡಿ.

ಮೊದಲು ಆ ಸ್ವರ್ಗದ ಮಾತು. ನೆಂಟರಿಗೆ ಕಾಣುವುದು ನಿಮಗೆ ಕಾಣುತ್ತಿಲ್ಲ ಅಂದರೆ ನಿಮ್ಮಲ್ಲಿ ಏನೂ ಕೊರತೆ ಇಲ್ಲ. ಇಂದ್ರಿಯಗಳ ಸ್ವಭಾವವೇ ಹಾಗೆ. ಏನಾದರೂ ಬದಲಾದರೆ ಅವು ಕೂಗಿ ಹೇಳುತ್ತವೆ. ಇದ್ದದ್ದು ಇದ್ದ ಹಾಗೇ ಇದ್ದರೆ ಸುಮ್ಮನಾಗಿಬಿಡುತ್ತವೆ. ಬೆಳಿಗ್ಗೆ ಹಾಕಿಕೊಂಡ ಬಳೆ ಹತ್ತು ನಿಮಿಷಕ್ಕೆ ಮರೆತೇ ಹೋಗುತ್ತದೆ, ಅಲ್ವಾ? ಹಂಚಿನ ಮೇಲೆ ಸುರಿಯುವ ಮಳೆಯ ಸದ್ದು ನಮಗೆ ಗೊತ್ತಾಗುವುದು ಅದು ನಿಂತಾಗಲೇ. ಮೂಗಂತೂ ಬಹಳ ಬೇಗ ಒಗ್ಗಿಹೋಗುತ್ತದೆ, ಕೆಲವು ನಿಮಿಷ ಸಾಕು. ಬೆಂಗಳೂರಿನಿಂದ ಬಂದವರು ಕಾರಿನ ಬಾಗಿಲು ತೆಗೆದ ಕೂಡಲೇ ಹಸಿ ಮಣ್ಣಿನ ವಾಸನೆ ಅವರ ಮೂಗಿಗೆ ಹೊಡೆಯುತ್ತದೆ. ನೀವು ಮದುವೆಯಾಗಿ ಬಂದಾಗಿನಿಂದ ಅದರೊಳಗೇ ಉಸಿರಾಡುತ್ತಿದ್ದೀರಿ.

ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊಗ್ಗು ಅರಳಬೇಕಾದರೆ ಮೊದಲು ಒಣ ದಿನಗಳು ಬೇಕು. ಗಿಡ ಬಾಯಾರಿ ನಿಂತ ಮೇಲೆ, ಫೆಬ್ರವರಿ ಕೊನೆಗೋ ಮಾರ್ಚ್‌ನಲ್ಲೋ ಒಂದು ಹದವಾದ ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಅದರ ಬದಲು ಆಗಾಗ ಹನಿಯುತ್ತಲೇ ಇದ್ದರೆ ಹೂವು ಒಟ್ಟಿಗೆ ಬರುವುದಿಲ್ಲ, ಅಲ್ಲೊಂದು ಇಲ್ಲೊಂದು. ನಮ್ಮ ಮೂಗು, ನಾಲಿಗೆ, ಕಿವಿಗಳಿಗೂ ಇಂಥದೇ ಏರಿಳಿತ ಬೇಕು.

ನಿಮ್ಮ ಕೈ ಫೋನಿಗೆ ಹೋಗುವುದೂ ಇದೇ ಕಾರಣಕ್ಕೆ. ಮನೆಯಲ್ಲಿ ನಾಲ್ಕು ತಿಂಗಳು ಒಂದೇ ಬಣ್ಣ, ಒಂದೇ ಸದ್ದು. ಫೋನಿನಲ್ಲಿ ಮಾತ್ರ ಕ್ಷಣಕ್ಕೊಂದು ಹೊಸ ಚಿತ್ರ. ಆದರೆ ಆ ಹೊಸತು ಸಿಗುವುದು ಕಣ್ಣಿಗೆ, ಸ್ವಲ್ಪ ಕಿವಿಗೆ. ಮೂಗಿಗೆ, ನಾಲಿಗೆಗೆ, ಅಂಗೈಗೆ ಏನೂ ಸಿಗುವುದಿಲ್ಲ. ಒಂದು ಗಂಟೆ ನೋಡಿದ ಮೇಲೆ ಕಣ್ಣು ದಣಿದಿರುತ್ತದೆ, ಉಳಿದವು ಹಸಿದೇ ಇರುತ್ತವೆ.

ಮೂಗಿನ ಮಾತಿಗೆ ಬರುತ್ತೇನೆ. 2021ರ ಮೇ ತಿಂಗಳಲ್ಲಿ ಕೋವಿಡ್ ಬಂದು ನನ್ನ ಮೂಗು ಪೂರ್ತಿ ಹೋಗಿತ್ತು. ಜ್ವರ ಐದು ದಿನಕ್ಕೆ ಬಿಟ್ಟಿತು, ವಾಸನೆ ಮಾತ್ರ ವಾಪಸ್ ಬರಲಿಲ್ಲ. ಹಾಲು ಸೀದರೆ ಪಕ್ಕದ ಮನೆಯವರು ಬಂದು ಹೇಳಬೇಕು. ಅದಕ್ಕಿಂತ ಜಾಸ್ತಿ ಕಷ್ಟವಾದದ್ದು ಬೇರೆ. ತೀರಿಹೋದ ಅಮ್ಮನ ಶಾಲೊಂದು ನನ್ನ ಬೀರುವಿನಲ್ಲಿದೆ. ಅದನ್ನು ಮುಖಕ್ಕೆ ಹಿಡಿದರೆ ಬರೀ ಬಟ್ಟೆ. ನಮ್ಮದೇ ಮನೆ ಯಾರದ್ದೋ ಮನೆಯ ಹಾಗಿತ್ತು. ಊಟ, ನಿದ್ದೆ, ಕೆಲಸ ಎಲ್ಲ ಸರಿ ಇದ್ದರೂ ಏನೂ ತಾಗುತ್ತಿರಲಿಲ್ಲ. ನಿಮ್ಮ ಪತ್ರ ಓದುವಾಗ ಆ ದಿನಗಳು ನೆನಪಾದವು.

ಆಗ ನಾಲ್ಕು ಡಬ್ಬಿಗಳ ಅಭ್ಯಾಸ ಶುರು ಮಾಡಿದೆ. ಇದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ವೈದ್ಯ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕ್ರಮ. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕು ವಾಸನೆಗಳನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಮೂಸಬೇಕು. ಹೀಗೆ 12 ವಾರ. ವಾಸನೆ ಕಳೆದುಕೊಂಡವರಲ್ಲಿ ಈ ಅಭ್ಯಾಸ ಮಾಡಿದವರ ಮೂಗು, ಮಾಡದವರದ್ದಕ್ಕಿಂತ ಚೆನ್ನಾಗಿ ಸುಧಾರಿಸಿತ್ತು. ನಾನು ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡೆ: ಏಲಕ್ಕಿ, ಲವಂಗ, ಕಾಫಿ ಪುಡಿ, ಕಿತ್ತಳೆ ಸಿಪ್ಪೆ.

ಆರು ವಾರ ಏನೂ ಇಲ್ಲ. ಏಳನೇ ವಾರದ ಒಂದು ಸಂಜೆ ಕಿತ್ತಳೆ ಸಿಪ್ಪೆಯನ್ನು ಮೂಗಿನ ಹತ್ತಿರ ಮಡಚಿ ಹಿಂಡಿದೆ. ಸಿಪ್ಪೆಯಿಂದ ಎಣ್ಣೆಯ ಸಣ್ಣ ತುಂತುರು ಚಿಮ್ಮುತ್ತದಲ್ಲ, ಅದು ಮೂಗಿನೊಳಗೆ ತಣ್ಣಗೆ ಚುರುಗುಟ್ಟಿತು. ಅದರ ಹಿಂದೆಯೇ, ಅರೆ ಕ್ಷಣ, ಕಿತ್ತಳೆ. ಅಜ್ಜಿ ಮನೆಯ ಅಟ್ಟ, ಗೋಣಿಯ ಮೇಲೆ ಹರಡಿದ್ದ ನಮ್ಮ ಕೊಡಗಿನ ಕಿತ್ತಳೆ, ಕಿಟಕಿಯ ಬಿಸಿಲು. ಮರುಕ್ಷಣ ಮತ್ತೆ ಏನೂ ಇಲ್ಲ. ಆದರೆ ದಾರಿ ತೆರೆದಿದೆ ಅಂತ ಗೊತ್ತಾಯಿತು. ಮುಂದಿನ ಮಾರ್ಚ್‌ನಲ್ಲಿ ಕಾಫಿ ಹೂವಿನ ವಾಸನೆ ಬಂದ ದಿನ ನಾನು ರಸ್ತೆ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿ ಅತ್ತಿದ್ದೇನೆ.

ವಾಸನೆ ಹೀಗೆ ಮನಸ್ಸಿನ ಒಳಗೇ ಬಂದು ಕೂರುವುದಕ್ಕೆ ಕಾರಣ ಇದೆ. ಕಣ್ಣು, ಕಿವಿ, ಚರ್ಮ, ನಾಲಿಗೆ ಕಳಿಸುವ ಸುದ್ದಿಯೆಲ್ಲ ಮಿದುಳಿನಲ್ಲಿ ಮೊದಲು ಥಾಲಮಸ್ ಅನ್ನುವ ಒಂದು ಜಂಕ್ಷನ್ ದಾಟಿ ಹೋಗುತ್ತದೆ. ವಾಸನೆ ಮಾತ್ರ ಆ ಜಂಕ್ಷನ್‌ನಲ್ಲಿ ಕಾಯದೆ, ಭಾವನೆ ಮತ್ತು ನೆನಪನ್ನು ನೋಡಿಕೊಳ್ಳುವ ಭಾಗಗಳ ಹತ್ತಿರಕ್ಕೆ ನೇರವಾಗಿ ತಲುಪುತ್ತದೆ. ಅದಕ್ಕೇ ವಾಸನೆಯ ಹೆಸರು ನೆನಪಾಗುವ ಮೊದಲೇ ಅಜ್ಜಿ ಮನೆ ನೆನಪಾಗುವುದು. ನಮ್ಮ ಮೂಗಿನಲ್ಲಿ ಸುಮಾರು 400 ಬಗೆಯ ವಾಸನೆ ಗ್ರಾಹಕಗಳಿವೆ. ಇವುಗಳ ಗುಟ್ಟನ್ನು ಬಿಡಿಸಿದ್ದಕ್ಕೆ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಮೊದಲ ಮಳೆಯ ಮಣ್ಣಿನ ವಾಸನೆಯ ಕಥೆಯೂ ಚಂದವಿದೆ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಅನ್ನುವ ವಸ್ತುವನ್ನು ಮಾಡುತ್ತವೆ. ಒಣ ನೆಲಕ್ಕೆ ಹನಿ ಬಿದ್ದಾಗ ಅದು ಗಾಳಿಗೆ ಹಾರುತ್ತದೆ. ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗ ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಇಷ್ಟು ಚುರುಕಾದ ಮೂಗು ನಿಮ್ಮ ಮುಖದ ಮೇಲೇ ಇದೆ. ಅದಕ್ಕೆ ಕೆಲಸ ಕೊಡಿ ಅಷ್ಟೇ.

ಹೀಗೆ ಮಾಡಿ. ಮುಚ್ಚಳವಿರುವ ನಾಲ್ಕು ಸಣ್ಣ ಡಬ್ಬಿ ತೆಗೆದುಕೊಳ್ಳಿ. ಒಂದರಲ್ಲಿ ಜಜ್ಜಿದ ಏಲಕ್ಕಿ, ಒಂದರಲ್ಲಿ ಒಡೆದ ಒಳ್ಳೆಮೆಣಸು (ಕರಿಮೆಣಸು), ಒಂದರಲ್ಲಿ ಕಾಫಿ ಪುಡಿ, ಇನ್ನೊಂದರಲ್ಲಿ ಕಿತ್ತಳೆಯದೋ ನಿಂಬೆಯದೋ ಸಿಪ್ಪೆ. ಬೆಳಿಗ್ಗೆ ಕಾಫಿಗೆ ಮೊದಲು, ರಾತ್ರಿ ಮಲಗುವ ಮೊದಲು, ಕಣ್ಣು ಮುಚ್ಚಿ ಒಂದೊಂದನ್ನೂ ಹತ್ತು ಸೆಕೆಂಡು ಮೆಲ್ಲಗೆ ಮೂಸಿ. ಜೋರಾಗಿ ಎಳೆದುಕೊಳ್ಳಬೇಡಿ, ಮೆಣಸು ಸೀನು ತರಿಸುತ್ತದೆ. ಒಂದು ಡಬ್ಬಿಗೂ ಇನ್ನೊಂದಕ್ಕೂ ನಡುವೆ ಅರ್ಧ ನಿಮಿಷ ಬಿಡಿ. ‘ಇದು ಏಲಕ್ಕಿ’ ಅಂತ ಹೇಳಿ ಮುಗಿಸಬೇಡಿ. ಬಿಸಿಯೋ ತಂಪೋ, ಚೂಪೋ ಮೆತ್ತಗೋ, ಯಾವ ಮನೆ, ಯಾರ ಕೈ, ಯಾವ ತಿಂಗಳು ನೆನಪಾಯಿತು ಅಂತ ಒಂದು ಕ್ಷಣ ಕಾಯಿರಿ. ಏನೂ ನೆನಪಾಗದಿದ್ದರೂ ಸರಿ. ಒಟ್ಟು ಮೂರು ನಿಮಿಷದ ಕೆಲಸ. ಡಬ್ಬಿಯೊಳಗಿನದ್ದನ್ನು ವಾರ ಹತ್ತು ದಿನಕ್ಕೆ ಹೊಸದು ಮಾಡಿ, ಮಳೆಗಾಲದಲ್ಲಿ ಸಿಪ್ಪೆಗೆ ಬೇಗ ಬೂಷ್ಟು ಬರುತ್ತದೆ.

ಮೂಗು ಎಚ್ಚರವಾದರೆ ನಾಲಿಗೆ ತಾನೇ ಹಿಂದೆ ಬರುತ್ತದೆ. ನಂಬಿಕೆ ಬಾರದಿದ್ದರೆ ಒಂದು ಪರೀಕ್ಷೆ ಮಾಡಿ ನೋಡಿ. ಮೂಗನ್ನು ಬೆರಳಿನಿಂದ ಬಿಗಿಯಾಗಿ ಹಿಡಿದು ಕಿತ್ತಳೆಯ ಒಂದು ತೊಳೆ ಬಾಯಿಗೆ ಹಾಕಿ ಅಗಿಯಿರಿ. ಸಿಹಿ ಇದೆ, ಹುಳಿ ಇದೆ, ಆದರೆ ಕಿತ್ತಳೆ ಇಲ್ಲ. ಈಗ ಮೂಗು ಬಿಡಿ. ಕಿತ್ತಳೆ ಒಮ್ಮೆಲೇ ಬಂದುಬಿಡುತ್ತದೆ. ನಾಲಿಗೆಗೆ ಗೊತ್ತಿರುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಜಪಾನಿನ ಕಿಕುನೆ ಇಕೆಡಾ 1908ರಲ್ಲಿ ಗುರುತಿಸಿದ ಉಮಾಮಿ, ಅಂದರೆ ಮಾಂಸದ ಸಾರಿನ, ಅಣಬೆಯ ಆ ತುಂಬು ರುಚಿ. ಉಳಿದದ್ದನ್ನು ನಾವು ರುಚಿ ಅಂತ ಕರೆದರೂ ಅದು ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ವಾಸನೆ. ಗಾಂಧಾರಿ ಮೆಣಸಿನ ಖಾರವೂ ರುಚಿಯ ಲೆಕ್ಕಕ್ಕೆ ಬರುವುದಿಲ್ಲ. ಬಿಸಿ ತಾಗಿದಾಗ ಎಚ್ಚರಿಸುವ ನರದ ಬಾಗಿಲನ್ನೇ ಅದು ತೆಗೆಯುತ್ತದೆ, ಅದಕ್ಕೇ ಬಾಯಿ ಸುಟ್ಟ ಹಾಗಾಗುತ್ತದೆ.

ಕಾಫಿ ರುಚಿ ನೋಡುವ ಪರೀಕ್ಷಕರನ್ನು ಗಮನಿಸಿದ್ದೀರಾ? ಚಮಚದಿಂದ ಸುರ್ರ್ ಎಂದು ಜೋರಾಗಿ ಹೀರುತ್ತಾರೆ. ಕಾಫಿ ತುಂತುರಾಗಿ ಬಾಯಿಯೆಲ್ಲ ಹರಡಿ ವಾಸನೆ ಮೂಗಿಗೆ ಏರಲಿ ಅಂತ. ದಿನದಲ್ಲಿ ಒಂದು ಲೋಟ ಕಾಫಿಯನ್ನಾದರೂ ನೀವು ಹಾಗೆ ಕುಡಿಯಿರಿ. ಮೊದಲ ಮೂರು ಗುಟುಕು ಮಾತ್ರ ಗಮನ ಕೊಟ್ಟು, ಫೋನು ಬೇರೆ ಕೋಣೆಯಲ್ಲಿಟ್ಟು. ಬಿಸಿ ಇದ್ದಾಗಿನ ರುಚಿ ಒಂದು, ಸ್ವಲ್ಪ ಆರಿದ ಮೇಲಿನದ್ದು ಇನ್ನೊಂದು. ಬೆಲ್ಲದ ಕಾಫಿಯಲ್ಲಂತೂ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಆದರೆ ಸಂಜೆ ಐದರ ಮೇಲೆ ಬೇಡ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು.

ಇಲ್ಲಿ ನನಗೆ ತುಂಬ ಹತ್ತಿರವಾದ ಒಂದು ವಿಷಯ ಹೇಳಲೇಬೇಕು. ನಮ್ಮ ಹಿರಿಯರ ವರ್ಷ ಒಂದೇ ರುಚಿಯಲ್ಲಿ ಸಾಗುತ್ತಿರಲಿಲ್ಲ. ಕೊಡವರ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಗದ್ದೆ ನಾಟಿ, ಬಿದಿರಿನ ಕಳಲೆ, ಅಣಬೆ, ಏಡಿ. ಕಕ್ಕಡ 18ಕ್ಕೆ, ಅಂದರೆ ಆಗಸ್ಟ್ 3ರ ಆಸುಪಾಸು, ಮದ್ದುಸೊಪ್ಪು. ಆ ದಿನ ಅದರಲ್ಲಿ 18 ಬಗೆಯ ಔಷಧಿ ಸೇರುತ್ತದೆ ಅಂತ ನಂಬಿಕೆ. ಔಷಧಿ ಗುಣದ ಬಗ್ಗೆ ನಾನಿಲ್ಲಿ ಮಾತಾಡುವುದಿಲ್ಲ. ಆದರೆ ಆ ಸೊಪ್ಪು ಬೇಯುವಾಗ ಮನೆಯೆಲ್ಲ ಹರಡುವ ಘಮ, ನೀರು ನೇರಳೆ ಬಣ್ಣಕ್ಕೆ ತಿರುಗುವುದು, ಆ ಬಣ್ಣದ ಪಾಯಸ ತಟ್ಟೆಗೆ ಬೀಳುವುದು, ಇದು ವರ್ಷಕ್ಕೊಮ್ಮೆ ಮಾತ್ರ. ಆಮೇಲೆ ಕೈಲ್ ಮುಹೂರ್ತ ಹಬ್ಬಕ್ಕೆ ಅಕ್ಕಿಯ ಉಂಡೆ ಕಡಂಬಿಟ್ಟು, ಹಂದಿ ಮಾಂಸದ ಪಂದಿ ಕರಿ. ಸುಗ್ಗಿಯ ಹಬ್ಬ ಹುತ್ತರಿಗೆ ಹೊಸ ಅಕ್ಕಿ, ತಂಬಿಟ್ಟು, ನೇರಳೆ ಗೆಣಸು. ಒಂದು ಬರುವವರೆಗೆ ಇನ್ನೊಂದಕ್ಕೆ ಕಾಯಬೇಕಿತ್ತು. ಆ ಕಾಯುವಿಕೆಯೇ ಮೂಗು ನಾಲಿಗೆಗಳನ್ನು ಚುರುಕಾಗಿ ಇಟ್ಟಿತ್ತು ಅಂತ ನನ್ನ ಅಭಿಪ್ರಾಯ. ಈಗ ಫ್ರೀಜರಿನಲ್ಲಿ ಕಳಲೆ ವರ್ಷವಿಡೀ ಇದೆ. ತಪ್ಪಲ್ಲ, ಆದರೆ ಒಂದೆರಡು ಪದಾರ್ಥವನ್ನಾದರೂ ಅದರ ತಿಂಗಳಿಗೇ ಬಿಟ್ಟುಕೊಡಿ. ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಮಗಳು ಕಳಿಸುವ ಎಣ್ಣೆಯ ಬಗ್ಗೆ ಕೇಳಿದ್ದೀರಿ. ಅವಳ ಪ್ರೀತಿ ದೊಡ್ಡದು, ಬೇಡ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಬೇಡಿ. ಆದರೆ ಇಡೀ ದಿನ ಒಂದೇ ಸುಗಂಧ ಹರಡುತ್ತಿದ್ದರೆ ಹತ್ತು ನಿಮಿಷದ ಮೇಲೆ ಅದು ನಿಮ್ಮ ಪಾಲಿಗೆ ಇಲ್ಲದ ಹಾಗೇ. ಬೇಕಾದರೆ ಒಂದು ಹನಿ ಕರವಸ್ತ್ರಕ್ಕೆ ಹಾಕಿ ಎರಡು ಉಸಿರು ತೆಗೆದುಕೊಂಡು ಎತ್ತಿಡಿ. ಗಟ್ಟಿ ಎಣ್ಣೆಯನ್ನು ನೇರವಾಗಿ ಚರ್ಮಕ್ಕೆ ಹಚ್ಚಬೇಡಿ. ನೀಲಗಿರಿ, ಕರ್ಪೂರದ ಎಣ್ಣೆ ಚಿಕ್ಕ ಮಕ್ಕಳ ಮೂಗಿನ ಹತ್ತಿರ ತರಲೇಬೇಡಿ. ಉಬ್ಬಸ ಇರುವವರಿದ್ದರೆ ಅಗರಬತ್ತಿಯೂ ಬೇಡ. ಮಳೆಗಾಲದಲ್ಲಿ ಬೆಂಕಿಯ ಮೇಲೆ ಬಟ್ಟೆ ಒಣಗಿಸಿದಾಗ ಬರುವ ಹೊಗೆ ವಾಸನೆ ನನಗೂ ಇಷ್ಟ. ಹಾಗಂತ ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊಗೆ ತುಂಬಿಸಿಕೊಂಡರೆ ಶ್ವಾಸಕೋಶಕ್ಕೆ ಕೆಡುಕು. ಮನೆಯಲ್ಲಿ ಮುಗ್ಗಲು ವಾಸನೆ ಬಂದರೆ ಅದನ್ನು ಸುಗಂಧದಿಂದ ಮುಚ್ಚಬೇಡಿ. ಬೂಷ್ಟು ಎಲ್ಲಿದೆ ಅಂತ ಹುಡುಕಿ ಒರೆಸಿ, ಗಾಳಿ ಆಡಲು ಬಿಡಿ.

ಇನ್ನು ಕಣ್ಣು. ಇಲ್ಲಿ ನಾನು ಹೇಳುವುದು ನೋಟಕ್ಕಿಂತ ಹೆಚ್ಚಾಗಿ ಬೆಳಕಿನ ವಿಷಯ. ಕಣ್ಣಿನ ಹಿಂಪರದೆಯಲ್ಲಿ ಚಿತ್ರ ನೋಡುವ ಕೋಶಗಳಲ್ಲದೆ, ಈಗ ಹಗಲೋ ರಾತ್ರಿಯೋ ಅಂತ ಮಿದುಳಿಗೆ ತಿಳಿಸುವ ಬೇರೆ ಕೋಶಗಳೂ ಇವೆ. 2002ರ ಹೊತ್ತಿಗೆ ಇದು ಖಚಿತವಾಯಿತು. ನಿದ್ದೆ, ಎಚ್ಚರ, ಹಸಿವು, ಮನಸ್ಸಿನ ಲವಲವಿಕೆ ಇವೆಲ್ಲದರ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಗಿನ ಬೆಳಕು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ದಿನಗಳಲ್ಲಿ ನಾವು ಕಿಟಕಿ ಮುಚ್ಚಿ, ಒಂದು ಬಲ್ಬ್ ಹಾಕಿ ಒಳಗೇ ಇರುತ್ತೇವೆ. ಬೆಳಕನ್ನು ಲಕ್ಸ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಆ ಬಲ್ಬಿನ ಕೆಳಗೆ ಅದು ಸಾಮಾನ್ಯವಾಗಿ 100ರಿಂದ 300 ಲಕ್ಸ್. ದಟ್ಟ ಮೋಡದ ದಿನವೂ ಹೊರಗೆ ಸಾವಿರ ಲಕ್ಸ್‌ಗಿಂತ ಕಡಿಮೆಯಾಗುವುದು ಅಪರೂಪ, ಎಷ್ಟೋ ಸಲ ಹಲವು ಸಾವಿರ ಇರುತ್ತದೆ. ಕಣ್ಣಿಗೆ ಮಬ್ಬು ಅನ್ನಿಸಿದರೂ ಮಿದುಳಿಗೆ ಅದು ಹಗಲೇ.

ಹಾಗಾಗಿ ಬೆಳಿಗ್ಗೆ ಎದ್ದು ಒಂದು ಗಂಟೆಯೊಳಗೆ ಅರ್ಧ ಗಂಟೆ ಹೊರಗೆ ಕೂರಿ. ಮಳೆಯಲ್ಲಿ ನೆನೆಯಬೇಕಿಲ್ಲ, ಜಗಲಿಯ ಅಂಚು ಸಾಕು. ಐನ್‌ಮನೆಗಳಲ್ಲಿ, ಅಂದರೆ ಕೊಡವ ಕುಟುಂಬಗಳ ಮೂಲಮನೆಗಳಲ್ಲಿ, ಕೈಯಾಲೆ ಅನ್ನುವ ಜಗಲಿಯ ಕಂಬಗಳ ನಡುವೆ ಐಮರ ಇರುತ್ತದಲ್ಲ, ತಲೆಮಾರುಗಳು ಕೂತು ಕೂತು ನುಣುಪಾದ ಆ ದಪ್ಪ ಹಲಗೆ. ಹಿರಿಯರು ಬೆಳಿಗ್ಗೆ ಅಲ್ಲೇ ಕೂರುತ್ತಿದ್ದರು. ನಿಮ್ಮ ಕುಟುಂಬದ ಐನ್‌ಮನೆಗೆ ಹೋದಾಗ ಅದರ ಮೇಲೆ ಒಮ್ಮೆ ಅಂಗೈ ಆಡಿಸಿ ನೋಡಿ, ಅಂಚಿನ ಹತ್ತಿರ ಒಂದು ಬಗೆಯ ನುಣುಪು, ನಡುವೆ ಇನ್ನೊಂದು. ನಿಮ್ಮ ಮನೆಯಲ್ಲಿ ಅದು ಇಲ್ಲದಿದ್ದರೆ ಒಂದು ಕುರ್ಚಿ ಹಾಕಿಕೊಳ್ಳಿ. ತರಕಾರಿ ಹೆಚ್ಚುವ ಕೆಲಸವನ್ನು ಅಲ್ಲಿಗೇ ತನ್ನಿ. ನಡು ನಡುವೆ ತಲೆ ಎತ್ತಿ ದೂರದ ಮರವನ್ನು ನೋಡಿ, ಫೋನಿಗೆ ಅಂಟಿದ ಕಣ್ಣಿನ ಸ್ನಾಯು ಸಡಿಲವಾಗುತ್ತದೆ. ಮರ ನೋಡುವುದರಿಂದ ಏನಾಗುತ್ತದೆ ಅಂತ ಅನುಮಾನವಿದ್ದರೆ ಇದನ್ನು ಕೇಳಿ. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಆಪರೇಷನ್ ಆದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವಿನ ಮದ್ದೂ ಅವರಿಗೆ ಕಡಿಮೆ ಸಾಕಾಯಿತು. ಸಣ್ಣ ಅಧ್ಯಯನ ಅದು, 23 ಜೋಡಿ ರೋಗಿಗಳದ್ದು. ಆದರೂ ನನಗೆ ಅದು ಮುಖ್ಯ ಅನ್ನಿಸುತ್ತದೆ.

ಕಿವಿಯ ವಿಷಯದಲ್ಲಿ ಕೊಡಗಿನವರಿಗೆ ನಾನು ಎಚ್ಚರದಿಂದ ಹೇಳುತ್ತೇನೆ. ಬೇರೆ ಊರಿನವರಿಗೆ ‘ಮಳೆಯ ಸದ್ದು ಕೇಳಿ, ಮನಸ್ಸು ತಂಪಾಗುತ್ತದೆ’ ಅನ್ನಬಹುದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆಗಳಲ್ಲಿ ಗುಡ್ಡ ಜರಿದದ್ದನ್ನು ಕಂಡವರಿಗೆ ಆ ಮಾತು ಹೇಳಲಾಗದು. ರಾತ್ರಿ ಮಳೆ ಬಿರುಸಾದರೆ ಇಂದಿಗೂ ಎದ್ದು ಕೂರುವವರು ಇದ್ದಾರೆ. ನಿಮಗೂ ಹಾಗಾಗುತ್ತಿದ್ದರೆ ಮಳೆಯ ಸದ್ದಿನ ಜೊತೆ ಗುದ್ದಾಡಬೇಡಿ. ಕೈಯಿಂದ ಶುರು ಮಾಡಿ. ಕಂಬಳಿಯ ಒರಟು, ಮಂಚದ ಕಟ್ಟಿನ ತಂಪು, ನಿಮ್ಮದೇ ಅಂಗೈಯ ಬಿಸಿ, ಕಾಲಡಿಯ ನೆಲ. ಹೀಗೆ ಮುಟ್ಟಿದ ನಾಲ್ಕನ್ನು ಬಾಯಿಬಿಟ್ಟು ಹೇಳಿ. ಆಮೇಲೆ ಕೇಳುವ ಮೂರು, ಮೂಸುವ ಎರಡು, ಬಾಯಿಗೆ ಹಾಕಿಕೊಳ್ಳುವ ಒಂದು ಏಲಕ್ಕಿ. ಸಾಮಾನ್ಯವಾಗಿ ಇದನ್ನು ಕಣ್ಣಿಗೆ ಕಾಣುವ ಐದು ವಸ್ತುಗಳಿಂದ ಶುರು ಮಾಡಿಸುತ್ತಾರೆ. ನಮ್ಮಲ್ಲಿ ಅಂಥ ರಾತ್ರಿ ಕರೆಂಟ್ ಇರುವುದಿಲ್ಲವಾದ್ದರಿಂದ ನಾನು ಕೈಯಿಂದ ಮಾಡಿಸುತ್ತೇನೆ. ಒಂದು ಮಾತು ಮಾತ್ರ ಮರೆಯಬೇಡಿ. ಮನೆ ಹಿಂದಿನ ಬರೆಯಲ್ಲಿ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿನಲ್ಲಿ, ಹೊಸ ಬಿರುಕು ಕಂಡರೆ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಸರಾದರೆ, ಅದು ಸಮಾಧಾನ ಮಾಡಿಕೊಳ್ಳುವ ಹೊತ್ತಲ್ಲ. ಮನೆ ಬಿಟ್ಟು ಹೊರಡಿ.

ಅಂಥ ಭಯ ಇಲ್ಲದವರಿಗೆ ಕಿವಿಗೆ ಒಳ್ಳೆಯ ಹೊತ್ತು ಬೆಳಕು ಹರಿಯುವ ಮುಂಚಿನದು. ಮಲಬಾರ್ ವಿಸ್ಲಿಂಗ್ ಥ್ರಶ್ ಅನ್ನುವ ಕಡುನೀಲಿ ಹಕ್ಕಿ ತೊರೆಯ ಹತ್ತಿರ ಮಳೆಗಾಲದಲ್ಲೇ ಹಾಡುವುದು. ದಾರಿಯಲ್ಲಿ ಹೋಗುವ ಹುಡುಗ ಯಾವ ರಾಗವೂ ಇಲ್ಲದೆ ಸಿಳ್ಳೆ ಹಾಕಿದ ಹಾಗೆ. ಇಂಗ್ಲಿಷಿನವರು ಅದಕ್ಕೆ ‘ವಿಸ್ಲಿಂಗ್ ಸ್ಕೂಲ್‌ಬಾಯ್’ ಅಂತಲೇ ಅಡ್ಡಹೆಸರಿಟ್ಟಿದ್ದಾರೆ. ಮಳೆ ಒಂದು ನಿಮಿಷ ಬಿಟ್ಟಾಗ ಕಿವಿ ಕೊಡಿ. ಹಾಗೇ ನಿಮ್ಮ ಮನೆಯವರಿಗೂ ಒಂದು ಮಾತು: 85 ಡೆಸಿಬೆಲ್ ಸದ್ದಿನಲ್ಲಿ ದಿನಾ ಎಂಟು ಗಂಟೆ ಕಳೆದರೆ ಕಿವಿಗೆ ಪೆಟ್ಟು. ಕಳೆ ಕತ್ತರಿಸುವ ಮೆಷಿನ್ನಿನ ಸದ್ದು ಸಾಮಾನ್ಯವಾಗಿ ಅದನ್ನು ಮೀರುತ್ತದೆ. ಕಿವಿಗೆ ಮುಚ್ಚಳ ಹಾಕಿಕೊಳ್ಳಲಿ, ಕೆಲಸಗಾರರಿಗೂ ಕೊಡಿಸಲಿ.

ಚರ್ಮಕ್ಕೆ ಹೆಚ್ಚು ಹೇಳಬೇಕಿಲ್ಲ, ನಿಮ್ಮ ಮನೆಯ ಬಿಸಿನೀರಿನ ಹಂಡೆ ಇದೆಯಲ್ಲ. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಬಿಸಿನೀರು ಸ್ನಾನ ಮಾಡಿದರೆ ನಿದ್ದೆ ಬೇಗ ಹತ್ತುತ್ತದೆ. ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗಿ, ಆಮೇಲೆ ಮೈಯೊಳಗಿನ ಶಾಖ ಇಳಿಯುತ್ತದೆ. ಆ ಇಳಿತವೇ ನಿದ್ದೆಗೆ ದಾರಿ. ಇನ್ನೊಂದು, ಚರ್ಮದಲ್ಲಿ ಮೆಲ್ಲಗೆ ಸವರಿದಾಗ ಮಾತ್ರ ಚೆನ್ನಾಗಿ ಮಿಡಿಯುವ ನರಗಳಿವೆ. ಸೆಕೆಂಡಿಗೆ ಮೂರು ಸೆಂಟಿಮೀಟರ್ ಸುಮಾರಿನ ವೇಗ, ಅಂದರೆ ಮಗುವಿನ ಬೆನ್ನು ಸವರುವ ವೇಗ. ಅತ್ತೆಯ ಕೈಗೆ ಎಣ್ಣೆ ಹಚ್ಚುವಾಗ ಅವಸರ ಮಾಡಬೇಡಿ. ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯಿರಿ ಅಂತ ಎಲ್ಲ ಕಡೆ ಬರೆಯುತ್ತಾರೆ. ನಮ್ಮ ತೋಟದಲ್ಲಿ ಜಿಗಣೆ, ಹಾವು ಎರಡೂ ಇವೆ. ಅಂಗಳ ದಾಟಬೇಡಿ.

ಈ ಅಭ್ಯಾಸಗಳಿಗೆ ಒಂದು ಮಿತಿ ಇದೆ. ಮಂಕು ಎರಡು ವಾರ ಮೀರಿ ದಿನದ ಹೆಚ್ಚು ಹೊತ್ತು ಕವಿದಿದ್ದರೆ, ನಿದ್ದೆ ಅಥವಾ ಹಸಿವು ಕೆಟ್ಟಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಡಬ್ಬಿ ಮೂಸಿ ಕಾಯಬೇಡಿ. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ವಯಸ್ಸಿನಲ್ಲಿ ಥೈರಾಯ್ಡ್, ರಕ್ತಹೀನತೆ, ಮುಟ್ಟು ನಿಲ್ಲುವ ಹೊತ್ತಿನ ಬದಲಾವಣೆ ಇವೂ ಹೀಗೇ ಮಂಕು ತರುತ್ತವೆ. ಒಂದು ಸಲ ರಕ್ತಪರೀಕ್ಷೆ ಮಾಡಿಸಿಬಿಡಿ.

ಕೊನೆಗೆ ಅತ್ತೆಯ ಉಪ್ಪಿನ ದೂರು. ಅವರು ಸುಮ್ನೆ ಹೇಳುತ್ತಿಲ್ಲ, ನಿಮ್ಮ ಅಡುಗೆಯೂ ಕೆಟ್ಟಿಲ್ಲ. ವಯಸ್ಸಾದಂತೆ ಮೂಗು ಮಂದವಾಗುತ್ತದೆ. ಮೂಗು ಮಂದವಾದರೆ ಊಟ ಸಪ್ಪೆ, ಸಪ್ಪೆಯಾದರೆ ಎಲ್ಲರೂ ಉಪ್ಪನ್ನೇ ಕೇಳುವುದು. ಉಪ್ಪು ಜಾಸ್ತಿ ಮಾಡಬೇಡಿ, ದಿನಕ್ಕೆ 5 ಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಬದಲು ಹುಳಿ ಸ್ವಲ್ಪ ಏರಿಸಿ. ಹುಳಿ ಇದ್ದರೆ ಉಪ್ಪು ಕಡಿಮೆ ಇದ್ದರೂ ನಾಲಿಗೆಗೆ ಸಾಕೆನ್ನಿಸುತ್ತದೆ. ಪಣಪುಳಿ ಅನ್ನುವ ಹುಳಿ ಹಣ್ಣಿನ ರಸ ಕಾಯಿಸಿ ಇಳಿಸಿದ ಕಪ್ಪು ಕಾಚಂಪುಳಿ ಮನೆಯಲ್ಲಿ ಇದ್ದೇ ಇರುತ್ತದೆ, ಒಲೆಯಿಂದ ಇಳಿಸುವ ಹೊತ್ತಿಗೆ ಕೆಲವು ಹನಿ. ಒಳ್ಳೆಮೆಣಸನ್ನು ಅವರ ತಟ್ಟೆಯ ಮುಂದೆಯೇ ಕುಟ್ಟಿ ಉದುರಿಸಿ. ಬಿಳಿ ಅನ್ನ, ಬಿಳಿ ಕಡಂಬಿಟ್ಟು ಬಿಳಿ ತಟ್ಟೆಯಲ್ಲಿ ಕಣ್ಣಿಗೂ ಸಪ್ಪೆ, ಬಾಳೆಲೆ ತುಂಡು ಹಾಕಿ ಬಡಿಸಿ. ಹಲ್ಲಿನ ಸೆಟ್ ಸಡಿಲವಾಗಿದೆಯಾ, ಹೊಸ ಮಾತ್ರೆ ಶುರುವಾದ ಮೇಲೆ ಹೀಗಾಯಿತಾ ಅಂತಲೂ ನೋಡಿ. ವಾಸನೆ ಇದ್ದಕ್ಕಿದ್ದಂತೆ ಹೋಗಿದ್ದರೆ ಡಾಕ್ಟರಿಗೆ ತೋರಿಸಿ. ಗ್ಯಾಸ್ ಸೋರಿದರೆ, ಸಾರು ಹಳಸಿದರೆ ಅವರಿಗೆ ತಿಳಿಯದೆ ಹೋಗಬಹುದು. ಆ ಜವಾಬ್ದಾರಿ ನೀವೇ ಇಟ್ಟುಕೊಳ್ಳಿ.

ಮತ್ತೆ, ಆ ನಾಲ್ಕು ಡಬ್ಬಿಗಳನ್ನು ಒಬ್ಬರೇ ಮೂಸಬೇಡಿ. ರಾತ್ರಿ ಸ್ನಾನ ಆದ ಮೇಲೆ ಅತ್ತೆಯ ಪಕ್ಕ ಕೂತು, ಅವರಿಗೆ ಕಣ್ಣು ಮುಚ್ಚಲು ಹೇಳಿ ಒಂದೊಂದೇ ಡಬ್ಬಿ ಹಿಡಿಯಿರಿ. ಮೊದಲ ವಾರ ಏನೂ ಇಲ್ಲ ಅನ್ನಬಹುದು. ಆದರೂ ಹಿಡಿಯಿರಿ. ಎಂದಾದರೂ ಒಂದು ದಿನ ಏಲಕ್ಕಿ ಡಬ್ಬಿ ಮೂಗಿನ ಹತ್ತಿರ ಬಂದಾಗ ಅವರು ಏಲಕ್ಕಿ ಅನ್ನದೆ ಯಾರದ್ದೋ ಹೆಸರು ಹೇಳಬಹುದು, ತಮ್ಮ ತಾಯಿಯದ್ದೋ, ಏಲಕ್ಕಿ ಮಲೆಗೆ ಜೊತೆಯಾಗಿ ಹೋಗುತ್ತಿದ್ದ ಗೆಳತಿಯದ್ದೋ. ಆಗ ಡಬ್ಬಿ ಮುಚ್ಚಬೇಡಿ. ‘ಯಾರು ಅವರು?’ ಅಂತ ಕೇಳಿ.